ಕಲ್ಲು ಕೊಟ್ಟ ನೆಲಕ್ಕೆ ಮರಳುವುದೇನು?

ಮುಂಬಯಿಯಿಂದ ಸೊಲ್ಲಾಪುರ, ಕಲಬುರಗಿ ದಾಟಿ ವಾಡಿಯತ್ತ ಸಾಗುವ ರೈಲು ಶಹಾಬಾದ ನಿಲ್ದಾಣವನ್ನು ಸಮೀಪಿಸುತ್ತಿದ್ದಂತೆ ಕಿಟಕಿಯಾಚೆಯ ನೋಟ ಬದಲಾಗುತ್ತದೆ. ಅದುವರೆಗೆ ಕಣ್ಣು ತುಂಬುತ್ತಿದ್ದುದು ತೊಗರಿ, ಜೋಳ ಬೆಳೆಯುವ ಎರೆಹೊಲಗಳು. ಇಲ್ಲಿಂದ ಮುಂದೆ ಕಾಣುವುದು ಕಲ್ಲು. ಒಂದರ ಮೇಲೊಂದು ಪೇರಿಸಿಟ್ಟ ಚಪ್ಪಡಿಗಳು, ಕಲ್ಲು ಕೊಯ್ಯುವ ಯಂತ್ರಗಳು, ಬೂದುಬಣ್ಣದ ಧೂಳು ಹೊದ್ದ ಮರಗಳು. ಮನೆಯ ನೆಲ ಕಲ್ಲಿನದು, ಗೋಡೆ ಕಲ್ಲಿನದು, ಹಳೆಯ ಮನೆಗಳಲ್ಲಾದರೆ ಮಾಳಿಗೆಯ ಹಾಸೂ ಅದೇ ಕಲ್ಲಿನದು. ಈ ಭಾಗದ ಜನ ಇದನ್ನು ‘ಫರಸಿ’ ಎನ್ನುತ್ತಾರೆ. ಊರ ಹೊರಗಿನವರಿಗೆ ಇದು ‘ಶಹಾಬಾದ ಕಲ್ಲು’. ದಖ್ಖನಿನ ಎಷ್ಟೋ ಮನೆಗಳ ಅಡುಗೆಮನೆಯಲ್ಲಿ, ಶಾಲೆಯ ಪಡಸಾಲೆಯಲ್ಲಿ, ರೈಲು ನಿಲ್ದಾಣದ ಕಟ್ಟೆಯಲ್ಲಿ ಈ ಊರಿನ ಹೆಸರನ್ನು ಜನ ದಿನವೂ ತುಳಿಯುತ್ತಾರೆ.

ಕಲಬುರಗಿಯಿಂದ ಸುಮಾರು 25 ಕಿಲೋಮೀಟರ್ ದೂರದ ಈ ಪಟ್ಟಣ ಬಹುಕಾಲ ಚಿತ್ತಾಪುರ ತಾಲೂಕಿಗೆ ಸೇರಿತ್ತು. ಈಗ ಸ್ವತಃ ತಾಲೂಕು ಕೇಂದ್ರ. ಸಮೀಪದಲ್ಲೇ ಹೊನಗುಂಟದ ಬಳಿ ಕಾಗಿಣಾ ನದಿ ಭೀಮೆಯನ್ನು ಕೂಡುತ್ತದೆ. ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿಗಳ ಈ ಸೀಮೆಯಲ್ಲಿ ತಿರುಗಾಡುವವರಿಗೆ ಎರಡು ನೋಟಗಳು ಒಟ್ಟೊಟ್ಟಿಗೆ ಎದುರಾಗುತ್ತವೆ. ಒಂದು, ಆಕಾಶಕ್ಕೆ ಕೊಳವೆ ಎತ್ತಿ ನಿಂತ ಸಿಮೆಂಟ್ ಕಾರ್ಖಾನೆಗಳು. ಇನ್ನೊಂದು, ಕರ್ನಾಟಕದ ಚರಿತ್ರೆಯಲ್ಲಿ ಮೊದಲ ಸಾಲಿನಲ್ಲಿ ನಿಲ್ಲುವ ಸನ್ನತಿ, ಮಳಖೇಡಗಳು. ಎರಡಕ್ಕೂ ಆಧಾರ ಒಂದೇ ಸುಣ್ಣದ ಕಲ್ಲು. ಈ ಕಲ್ಲಿನಿಂದ ಸಂಪತ್ತು ಗಳಿಸಿದವರು ಈ ನೆಲಕ್ಕೆ ಏನು ಕೊಟ್ಟರು, ಏನು ಕೊಡಬೇಕು ಎಂಬ ಪ್ರಶ್ನೆ ಇಲ್ಲಿನ ರಸ್ತೆಗಳಲ್ಲಿ ಸಾಗುವಾಗ ತಾನಾಗಿ ಏಳುತ್ತದೆ.

ಕಡಲತಳದ ಕಲ್ಲು

ಐವತ್ತು ಕೋಟಿ ವರ್ಷಗಳಿಗೂ ಹಿಂದೆ ಇಲ್ಲಿ ಆಳವಿಲ್ಲದ ಕಡಲಿತ್ತು. ನೀರಿನಲ್ಲಿ ಕರಗಿದ್ದ ಸುಣ್ಣದ ಅಂಶ ತಳಕ್ಕಿಳಿದು ಪದರ ಪದರವಾಗಿ ಗಟ್ಟಿಯಾಯಿತು. ಭೂವಿಜ್ಞಾನಿಗಳು ಈ ಶಿಲಾಸ್ತರಗಳನ್ನು ‘ಭೀಮಾ ಸಮೂಹ’ ಎಂದು ಕರೆಯುತ್ತಾರೆ. ಪದರಗಳ ನಡುವೆ ಉಳಿ ಇಟ್ಟು ಸುತ್ತಿಗೆಯಿಂದ ಹೊಡೆದರೆ ಚಪ್ಪಡಿ ತಾನಾಗಿ ಬಿಡಿಸಿಕೊಳ್ಳುತ್ತದೆ. ಫರಸಿಯ ಉದ್ಯಮ ನಿಂತಿರುವುದೇ ಈ ಗುಣದ ಮೇಲೆ. ಬಹಳ ಕಾಲದ ನಂತರ ದಖ್ಖನಿನ ಲಾವಾ ಹರಿದು ಉತ್ತರದ ಭಾಗದಲ್ಲಿ ಈ ಕಲ್ಲನ್ನು ಮುಚ್ಚಿತು. ಆ ಲಾವಾಶಿಲೆ ಸವೆದು ಎರೆಮಣ್ಣಾಯಿತು. 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಗುಲಬರ್ಗಾ ತೊಗರಿಯ ರುಚಿಗೂ ಈ ಮಣ್ಣಿನ ಸುಣ್ಣದ ಅಂಶಕ್ಕೂ ನಂಟಿದೆ.

ಈ ಕಲ್ಲಿನ ಚೂರಿನ ಮೇಲೆ ನಿಂಬೆರಸ ಹಿಂಡಿದರೆ ಸಣ್ಣಗೆ ನೊರೆ ಏಳುತ್ತದೆ. ಆಗ ಹೊರಬರುವುದು ಇಂಗಾಲದ ಡೈ ಆಕ್ಸೈಡ್. ಆಮ್ಲಕ್ಕೆ ಬದಲಾಗಿ ಬೆಂಕಿಯಿಂದ ದೊಡ್ಡ ಪ್ರಮಾಣದಲ್ಲಿ ಇದೇ ಅನಿಲವನ್ನು ಬಿಡಿಸುವುದು ಸಿಮೆಂಟ್ ಕಾರ್ಖಾನೆಯ ಮೊದಲ ಕೆಲಸ. ಶುದ್ಧ ಕ್ಯಾಲ್ಸಿಯಂ ಕಾರ್ಬೋನೇಟ್ 100 ಗ್ರಾಂ ಕಾಸಿದರೆ 56 ಗ್ರಾಂ ಸುಟ್ಟ ಸುಣ್ಣ ಉಳಿದು 44 ಗ್ರಾಂ ಅನಿಲವಾಗಿ ಹಾರಿಹೋಗುತ್ತದೆ. ಆ ಸುಣ್ಣ ಜೇಡಿಯ ಅಂಶಗಳೊಡನೆ ತಿರುಗುವ ಕುಲುಮೆಯಲ್ಲಿ ಸುಮಾರು 1,450 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೆಂದು ‘ಕ್ಲಿಂಕರ್’ ಎಂಬ ಗಟ್ಟಿ ಉಂಡೆಗಳಾಗುತ್ತದೆ. ಅದಕ್ಕೆ ಸ್ವಲ್ಪ ಜಿಪ್ಸಂ ಸೇರಿಸಿ ಅರೆದರೆ ಸಿಮೆಂಟ್. ಒಂದು ಟನ್ ಕ್ಲಿಂಕರ್‌ಗೆ ಸುಮಾರು ಒಂದೂವರೆ ಟನ್ ಸುಣ್ಣದ ಕಲ್ಲು ಬೇಕು. ಕಾಡು ಕಡಿದರೆ ಮತ್ತೆ ಬೆಳೆಸಬಹುದು. ಅಗೆದ ಕಲ್ಲು ಮತ್ತೆ ಬೆಳೆಯುವುದಿಲ್ಲ. ಈ ಸೀಮೆಯ ಲೆಕ್ಕಾಚಾರವೆಲ್ಲ ಇಲ್ಲಿಂದಲೇ ಆರಂಭವಾಗಬೇಕು.

ಕಾರ್ಖಾನೆ ಬಂದದ್ದು

1871ರಲ್ಲಿ ಮುಂಬಯಿಯಿಂದ ರಾಯಚೂರಿನವರೆಗೆ ರೈಲುಮಾರ್ಗ ಪೂರ್ತಿಯಾಯಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡಿತು. ಕಲ್ಲೂ ಇದ್ದು ರೈಲೂ ಬಂದ ಮೇಲೆ ಸಿಮೆಂಟ್ ಬಾರದೆ ಇರಲಿಲ್ಲ. ನಿಜಾಮರ ಆಳ್ವಿಕೆಯ ಕಾಲದಲ್ಲೇ ಶಹಾಬಾದ ಸಿಮೆಂಟ್ ಕಂಪನಿ ಹುಟ್ಟಿತು. 1936ರಲ್ಲಿ ದೇಶದ ಹಲವು ಸಿಮೆಂಟ್ ಕಂಪನಿಗಳು ಕೂಡಿ ‘ಎಸಿಸಿ’ ಆದಾಗ ಶಹಾಬಾದವೂ ಅದರಲ್ಲಿ ಸೇರಿತು. 1968ರಲ್ಲಿ ಎಸಿಸಿ ವಾಡಿಯಲ್ಲಿ ದೊಡ್ಡ ಕಾರ್ಖಾನೆ ತೆರೆಯಿತು. ಸೇಡಂ ತಾಲೂಕಿನ ಕುರಕುಂಟಾದಲ್ಲಿ ಸರ್ಕಾರಿ ವಲಯದ ಭಾರತೀಯ ಸಿಮೆಂಟ್ ನಿಗಮ ಕಾರ್ಖಾನೆ ಹಾಕಿತು. 1980ರ ದಶಕದಲ್ಲಿ ಮಳಖೇಡ ರೋಡ್ ಬಳಿ ರಾಜಶ್ರೀ, ಸೇಡಂನಲ್ಲಿ ವಾಸವದತ್ತಾ ಬಂದವು. 2010ರ ದಶಕದಲ್ಲಿ ಚಿಂಚೋಳಿ, ಚಿತ್ತಾಪುರ, ಸೇಡಂ ತಾಲೂಕುಗಳಲ್ಲಿ ಇನ್ನಷ್ಟು ಕಾರ್ಖಾನೆಗಳು ತಲೆಯೆತ್ತಿದವು. ಚಿಂಚೋಳಿಯ ಒಂದು ಕಾರ್ಖಾನೆ ಫ್ರಾನ್ಸಿನ ವಿಕಾ ಸಂಸ್ಥೆಗೆ ಸೇರಿದ್ದು.

ಒಡೆತನವೂ ಕೈಯಿಂದ ಕೈಗೆ ದಾಟುತ್ತ ಬಂದಿದೆ. ಎಸಿಸಿ ಕೆಲವು ಕಾಲ ಸ್ವಿಟ್ಜರ್ಲೆಂಡಿನ ಹೋಲ್ಸಿಂ ಸಂಸ್ಥೆಯ ಹಿಡಿತದಲ್ಲಿತ್ತು. 2022ರಲ್ಲಿ ಅದಾನಿ ಸಮೂಹಕ್ಕೆ ಸೇರಿತು. ರಾಜಶ್ರೀ ಈಗ ಅಲ್ಟ್ರಾಟೆಕ್ ಕಂಪನಿಯ ಭಾಗ. 2025ರಲ್ಲಿ ವಾಸವದತ್ತಾ ಕೂಡ ಅದೇ ಕಂಪನಿಗೆ ಹೋಯಿತು. ಕಾಗಿಣಾ ದಂಡೆಯ ಕಲ್ಲಿನ ಲಾಭದ ಲೆಕ್ಕ ಒಮ್ಮೆ ಮುಂಬಯಿಯಲ್ಲಿ, ಒಮ್ಮೆ ಯುರೋಪಿನಲ್ಲಿ, ಒಮ್ಮೆ ಅಹಮದಾಬಾದಿನಲ್ಲಿ ನಡೆಯುತ್ತದೆ. ಕಲ್ಲು ಮಾತ್ರ ಇಲ್ಲಿನದೇ.

ಕಾರ್ಖಾನೆ ಬಂದಾಗ ಅದರೊಡನೆ ಕಾಲೊನಿಯೂ ಬರುತ್ತದೆ. ಸಾಲುಮನೆಗಳು, ಶಾಲೆ, ದವಾಖಾನೆ, ಆಟದ ಬಯಲು, ಗುಡಿ, ವರ್ಷಕ್ಕೊಮ್ಮೆ ಗಣೇಶೋತ್ಸವ, ನಾಟಕ. ಎಸಿಸಿ 1952ರಷ್ಟು ಹಿಂದೆಯೇ ಗ್ರಾಮ ಕಲ್ಯಾಣದ ಯೋಜನೆಯೊಂದನ್ನು ಆರಂಭಿಸಿತ್ತು. ಸುತ್ತಲ ಹಳ್ಳಿಗಳ ಎಷ್ಟೋ ಮಕ್ಕಳು ಮೊದಲ ಬಾರಿಗೆ ಇಂಗ್ಲಿಷ್ ಅಕ್ಷರ ಕಂಡದ್ದು, ಎಷ್ಟೋ ಬಾಣಂತಿಯರಿಗೆ ವೈದ್ಯರ ನೆರವು ಸಿಕ್ಕಿದ್ದು ಇಂಥ ಕಾಲೊನಿಗಳಲ್ಲಿ. ಇದನ್ನು ಮರೆಯಬಾರದು.

ಆದರೆ ಇದರ ಇನ್ನೊಂದು ಮುಖವನ್ನೂ ಇದೇ ಸೀಮೆ ಕಂಡಿದೆ. ಶಹಾಬಾದದ ಹಳೆಯ ಸಿಮೆಂಟ್ ಕಾರ್ಖಾನೆ ಎಸಿಸಿಯ ಕೈ ಬಿಟ್ಟು ಬೇರೆಯವರ ಪಾಲಾಗಿ, ಕೊನೆಗೆ ಅದರ ಕುಲುಮೆ ಆರಿತು. ಕುರಕುಂಟಾದ ಸರ್ಕಾರಿ ಕಾರ್ಖಾನೆ 1990ರ ದಶಕದ ಕೊನೆಗೆ ನಿಂತಿತು. ಕುಲುಮೆ ಆರಿದರೆ ಸಂಬಳ ನಿಲ್ಲುತ್ತದೆ. ಅದರ ಬೆನ್ನಿಗೆ ದವಾಖಾನೆಯ ಬಾಗಿಲು, ಶಾಲೆಯ ಗಂಟೆ, ನಾಟಕದ ರಂಗವೂ ನಿಲ್ಲುತ್ತವೆ. ಕಂಪನಿಯ ಬೆನ್ನಿಗೆ ಕಟ್ಟಿದ ಕೊಡುಗೆ ಕಂಪನಿ ಇರುವವರೆಗೆ ಮಾತ್ರ ಬದುಕುತ್ತದೆ. ಹಾಗಾದರೆ ಕಂಪನಿ ಹೋದ ಮೇಲೂ ಉಳಿಯುವ ಕೊಡುಗೆ ಯಾವುದು? ಉತ್ತರಕ್ಕಾಗಿ ದೂರ ಹೋಗಬೇಕಿಲ್ಲ. ಒಂದು ದಾರಿ ಭೀಮೆಯ ದಂಡೆಗೆ, ಇನ್ನೊಂದು ಕಾಗಿಣಾ ದಂಡೆಗೆ ಕರೆದೊಯ್ಯುತ್ತದೆ.

ಸನ್ನತಿಯ ದಾನಿಗಳು

ಚಿತ್ತಾಪುರ ತಾಲೂಕಿನ ಸನ್ನತಿ ಚಂದ್ರಲಾಂಬೆಯ ಕ್ಷೇತ್ರವೆಂದು ಮೊದಲಿನಿಂದ ಪ್ರಸಿದ್ಧ. 1986ರಲ್ಲಿ ಆ ಆವರಣದ ಕಾಳಿಗುಡಿಯ ಮಾಳಿಗೆ ಕುಸಿಯಿತು. ಅವಶೇಷ ತೆಗೆಯುವಾಗ ದೇವಿಯ ಪೀಠವಾಗಿದ್ದ ಕಲ್ಲಿನ ಮೇಲೆ ಬ್ರಾಹ್ಮಿ ಅಕ್ಷರಗಳು ಕಂಡವು. ಅವು ಸಾಮ್ರಾಟ ಅಶೋಕನ ಶಾಸನಗಳು! ಎಲ್ಲ ಮತಗಳವರೂ ಪರಸ್ಪರ ಗೌರವದಿಂದ ಇರಬೇಕು ಎಂದು ಸಾರುವ ಹನ್ನೆರಡನೆಯ ಶಾಸನವೂ ಅವುಗಳಲ್ಲಿದೆ. ಸಮೀಪದ ಕನಗನಹಳ್ಳಿಯಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ 1990ರ ದಶಕದಲ್ಲಿ ಅಗೆತ ನಡೆಸಿದಾಗ ‘ಅಧೋಲೋಕ ಮಹಾಚೈತ್ಯ’ ಎಂಬ ಭಾರಿ ಬೌದ್ಧ ಸ್ತೂಪ ಹೊರಬಂತು. ರಾಣಿಯೊಡನೆ ನಿಂತ ಅಶೋಕನ ಶಿಲ್ಪ, ಅದರ ಮೇಲೆ ‘ರಾಯೋ ಅಸೋಕೋ’ ಎಂಬ ಬರಹ ದೊರೆತದ್ದು ಇಲ್ಲೇ.

ಈ ಸ್ತೂಪದ ಚಪ್ಪಡಿಗಳೂ ಇದೇ ಸೀಮೆಯ ಸುಣ್ಣದ ಕಲ್ಲಿನವು. ಅವುಗಳ ಮೇಲೆ ಇನ್ನೂರಕ್ಕೂ ಹೆಚ್ಚು ಚಿಕ್ಕ ಚಿಕ್ಕ ಬರಹಗಳಿವೆ. ಎಷ್ಟೋ ಬರಹಗಳು ಚಿತ್ರದಲ್ಲಿರುವವರು ಯಾರೆಂದು ಹೇಳಿದರೆ, ಇನ್ನೆಷ್ಟೋ ಬರಹಗಳು ಆ ಕಲ್ಲನ್ನು ದಾನ ಮಾಡಿದವರು ಯಾರೆಂದು ಹೇಳುತ್ತವೆ. ಗೃಹಸ್ಥರು, ವರ್ತಕರು, ಭಿಕ್ಷುಗಳು, ಹೆಣ್ಣುಮಕ್ಕಳು ಆ ಪಟ್ಟಿಯಲ್ಲಿದ್ದಾರೆ. ಶಾತವಾಹನ ಅರಸರ ಶಿಲ್ಪಗಳೂ ಅಲ್ಲಿವೆ. ಆದರೆ ಸ್ತೂಪ ಎದ್ದದ್ದು ಒಬ್ಬ ಅರಸನ ಬೊಕ್ಕಸದಿಂದಲ್ಲ. ಅನೇಕರು ಒಂದೊಂದು ಕಲ್ಲು ಕೊಟ್ಟರು. ಕಲ್ಲಿನ ಅಂಚಿನಲ್ಲಿ ಒಂದು ಸಾಲಿನ ಹೆಸರು ಪಡೆದರು. ಹೆಸರು ಕಿರಿದು, ಕೆಲಸ ಹಿರಿದು. ಎರಡು ಸಾವಿರ ವರ್ಷಗಳಾಚೆಗೂ ಆ ಹೆಸರು ಓದಲು ಸಿಗುತ್ತಿರುವುದಕ್ಕೆ ಕಾರಣ ಅದು ಕೆಲಸದೊಡನೆ ಬೆಸೆದುಕೊಂಡಿರುವುದು.

ಮಳಖೇಡದ ಆಶ್ರಯ

ಕಲಬುರಗಿಯಿಂದ ಸೇಡಂ ದಾರಿಯಲ್ಲಿ ಸುಮಾರು 40 ಕಿಲೋಮೀಟರ್ ಸಾಗಿದರೆ ಮಳಖೇಡ. ಅದೇ ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೆಯ ಶತಮಾನದ ಮಧ್ಯದಲ್ಲಿ ಅರಬ್ ವರ್ತಕ ಸುಲೇಮಾನನ ಬರಹ ಇಲ್ಲಿನ ದೊರೆಯನ್ನು ಜಗತ್ತಿನ ನಾಲ್ವರು ಮಹಾರಾಜರಲ್ಲಿ ಒಬ್ಬನೆಂದು ಎಣಿಸಿತ್ತು. 972ರಲ್ಲಿ ಮಾಳವದ ಪರಮಾರ ಸೀಯಕ ನಗರವನ್ನು ಸೂರೆ ಮಾಡಿದ. ಇಂದು ಅಲ್ಲಿ ಕಾಣುವುದು ಕಾಗಿಣಾ ದಂಡೆಯ ಶಿಥಿಲ ಕೋಟೆ, ನೇಮಿನಾಥ ಬಸದಿ ಮತ್ತು ಮಾಧ್ವರು ಭಕ್ತಿಯಿಂದ ದರ್ಶನಕ್ಕೆ ಬರುವ ಟೀಕಾಚಾರ್ಯ ಜಯತೀರ್ಥರ ಬೃಂದಾವನ. ಅರಮನೆ ಎಲ್ಲಿತ್ತೆಂದು ಕೇಳಿದರೆ ತೋರಿಸಲು ಏನೂ ಇಲ್ಲ.

ಹಾಗಿದ್ದರೂ ಮಾನ್ಯಖೇಟ ಅಳಿದಿಲ್ಲ. ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯ ರಚಿಸಿದ ‘ಕವಿರಾಜಮಾರ್ಗ’ ಕನ್ನಡದಲ್ಲಿ ನಮಗೆ ಉಳಿದಿರುವ ಮೊದಲ ಗ್ರಂಥ. ಅದೇ ಅರಸನನ್ನು ಹೊಗಳಿ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದ. ಜ್ಯೋತಿಷ್ಯದ ಗೊಡವೆಗೆ ಹೋಗದೆ ಗಣಿತಕ್ಕೇ ಮೀಸಲಾದ ಗ್ರಂಥ ಅದು. ಭಿನ್ನರಾಶಿ, ತ್ರೈರಾಶಿಕ, ಬಡ್ಡಿ, ಕ್ಷೇತ್ರಫಲಗಳ ಲೆಕ್ಕ ಅಲ್ಲಿದೆ. ಕೆಲವು ವಸ್ತುಗಳಿಂದ ಎಷ್ಟು ಬಗೆಯ ಗುಂಪುಗಳನ್ನು ಆರಿಸಬಹುದೆಂಬ ಸೂತ್ರವಿದೆ. ಋಣಸಂಖ್ಯೆ ಯಾವುದರ ವರ್ಗವೂ ಅಲ್ಲವಾದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂಬ ಮಾತೂ ಇದೆ. ಇಂದಿನ ಪಿಯುಸಿ ವಿದ್ಯಾರ್ಥಿ ಓದುವ ಪಾಠಗಳ ಬೇರು ಅವನ ಊರ ಪಕ್ಕದಲ್ಲೇ ಇದೆ! 1912ರಲ್ಲಿ ಎಂ. ರಂಗಾಚಾರ್ಯರು ಇದನ್ನು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಪ್ರಕಟಿಸಿದರು.

ಆಶ್ರಯ ಕೊಟ್ಟವರು ಅರಸರಷ್ಟೇ ಅಲ್ಲ. ಹತ್ತನೆಯ ಶತಮಾನದಲ್ಲಿ ಅಪಭ್ರಂಶದ ಮಹಾಕವಿ ಪುಷ್ಪದಂತ ಮಾನ್ಯಖೇಟಕ್ಕೆ ಬಂದಾಗ ಮೂರನೆಯ ಕೃಷ್ಣನ ಮಂತ್ರಿ ಭರತ ಅವನನ್ನು ಮನೆಗೆ ಕರೆದು ಇರಿಸಿಕೊಂಡ. ಕವಿ ‘ಮಹಾಪುರಾಣ’ ಮುಗಿಸಿದ. ಭರತನ ನಂತರ ಅವನ ಮಗ ನನ್ನ ಅದೇ ಆಶ್ರಯವನ್ನು ಮುಂದುವರಿಸಿದ. ತಂದೆ ಕೊಟ್ಟದ್ದನ್ನು ಮಗ ನಿಲ್ಲಿಸಲಿಲ್ಲ ಎಂಬುದು ಇಲ್ಲಿ ಮುಖ್ಯ. ಅರಮನೆಗೆ ಸುರಿದ ಹೊನ್ನು ಸೀಯಕನ ಪಾಲಾಯಿತು; ವಿದ್ವಾಂಸರಿಗೆ ಕೊಟ್ಟ ಅನ್ನ ಇಂದಿಗೂ ನಮ್ಮ ಪಾಲಿಗಿದೆ.

ನೂರಕ್ಕೆ ಎರಡರ ಕಾಯಿದೆ

ಇನ್ನು ಇಂದಿನ ಆಶ್ರಯದಾತರ ಮಾತು. 2013ರ ಕಂಪನಿ ಕಾಯಿದೆಯ 135ನೆಯ ವಿಧಿ 2014ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಕಂಪನಿಯ ನಿವ್ವಳ ಆಸ್ತಿ 500 ಕೋಟಿ ರೂಪಾಯಿ, ವಹಿವಾಟು 1,000 ಕೋಟಿ, ಅಥವಾ ನಿವ್ವಳ ಲಾಭ 5 ಕೋಟಿ – ಈ ಮೂರರಲ್ಲಿ ಒಂದನ್ನು ಮುಟ್ಟಿದರೂ ಅದು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ನೂರಕ್ಕೆ ಎರಡರಷ್ಟನ್ನು ಸಮಾಜದ ಕೆಲಸಕ್ಕೆ ವ್ಯಯಿಸಬೇಕು. ಮಹಾವೀರಾಚಾರ್ಯನ ನೆಲದ ಮಕ್ಕಳಿಗೆ ಇದು ಸುಲಭದ ಲೆಕ್ಕ. ಉದಾಹರಣೆಗೆ ಒಂದು ಕಂಪನಿಯ ಲಾಭ ಮೂರು ವರ್ಷಗಳಲ್ಲಿ 300, 400, 500 ಕೋಟಿ ಎಂದು ಇಟ್ಟುಕೊಳ್ಳಿ. ಸರಾಸರಿ 400 ಕೋಟಿ. ಅದರಲ್ಲಿ ನೂರಕ್ಕೆ ಎರಡು ಎಂದರೆ 8 ಕೋಟಿ ರೂಪಾಯಿ.

ಹಣ ಯಾವುದಕ್ಕೆ ಎಂಬ ಪಟ್ಟಿಯೂ ಕಾಯಿದೆಯ ಏಳನೆಯ ಅನುಸೂಚಿಯಲ್ಲಿದೆ. ಹಸಿವು ನಿವಾರಣೆ, ಆರೋಗ್ಯ, ಶಿಕ್ಷಣ, ಪರಿಸರಗಳ ಜೊತೆಗೆ ಪರಂಪರೆ, ಕಲೆ, ಸಂಸ್ಕೃತಿಯ ರಕ್ಷಣೆ, ಐತಿಹಾಸಿಕ ಕಟ್ಟಡಗಳ ಜೀರ್ಣೋದ್ಧಾರ, ಸಾರ್ವಜನಿಕ ಗ್ರಂಥಾಲಯಗಳೂ ಅದರಲ್ಲಿ ಸೇರಿವೆ. ಕಾರ್ಖಾನೆ ಇರುವ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದೂ ಕಾಯಿದೆ ಹೇಳುತ್ತದೆ.

ಯಾವುದು ಇದರಲ್ಲಿ ಸೇರದು ಎಂಬುದು ಇನ್ನೂ ಮುಖ್ಯ. ಕಂಪನಿಯ ನೌಕರರ ಲಾಭಕ್ಕಾಗಿಯೇ ಮಾಡಿದ ಕೆಲಸ ಈ ಲೆಕ್ಕಕ್ಕೆ ಬಾರದು. 2021ರಲ್ಲಿ ತಿದ್ದಿದ ನಿಯಮಗಳ ಪ್ರಕಾರ ತನ್ನ ಸರಕಿನ ಪ್ರಚಾರಕ್ಕಾಗಿ ನೀಡಿದ ಪ್ರಾಯೋಜನೆಯೂ ಬಾರದು. ಜಾತ್ರೆಯ ಕಮಾನಿನ ಮೇಲೆ ಸಿಮೆಂಟ್ ಚೀಲದ ಚಿತ್ರ ಬರೆಸಿದರೆ ಅದು ಜಾಹೀರಾತು. ಜಾಹೀರಾತು ಕೊಡುವುದು ತಪ್ಪಲ್ಲ. ಅದನ್ನು ದಾನವೆಂದು ಎಣಿಸುವುದು ಮಾತ್ರ ತಪ್ಪು.

ಇನ್ನೊಂದು ಭೇದವನ್ನೂ ಗಮನಿಸಬೇಕು. ಗಣಿ ಕಾಯಿದೆಗೆ 2015ರಲ್ಲಿ ಆದ ತಿದ್ದುಪಡಿಯಿಂದ ಜಿಲ್ಲಾ ಖನಿಜ ಪ್ರತಿಷ್ಠಾನಗಳು ಬಂದವು. 2015ರ ಜನವರಿ 12ಕ್ಕಿಂತ ಮೊದಲಿನ ಗುತ್ತಿಗೆಯಾದರೆ ರಾಜಧನದ ನೂರಕ್ಕೆ 30ರಷ್ಟು, ನಂತರದ್ದಾದರೆ ನೂರಕ್ಕೆ 10ರಷ್ಟು ಹಣವನ್ನು ಗಣಿ ನಡೆಸುವವರು ಇದಕ್ಕೆ ಕಟ್ಟಬೇಕು. ಅದು ಗಣಿಯಿಂದ ಬಾಧೆಗೊಂಡ ಊರಿನ ಹಕ್ಕಿನ ಹಣ. ಕುಡಿಯುವ ನೀರು, ಧೂಳಿನ ತಡೆ, ಆರೋಗ್ಯ ತಪಾಸಣೆಗಳನ್ನು ಯಾರಾದರೂ ಉಡುಗೊರೆ ಎಂದು ಹಂಚಿದರೆ ಊರವರು ನಕ್ಕು ಸುಮ್ಮನಿರಬೇಕಾಗಿಲ್ಲ. ಕೊಡಬೇಕಾದದ್ದು ಬೇರೆ, ಕೊಡುಗೆ ಬೇರೆ.

ಈ ಕಾಯಿದೆಯಲ್ಲಿ ಶಹಾಬಾದಕ್ಕೆ ಎದ್ದು ಕಾಣುವ ಕೊರತೆಯೂ ಇದೆ. ಊರಿಗೆ ಹೆಸರು ತಂದ ಫರಸಿ ಉದ್ಯಮದಲ್ಲಿರುವವರು ಬಹುಪಾಲು ಸಣ್ಣ ಗಣಿ, ಸಣ್ಣ ಪಾಲಿಶ್ ಯಂತ್ರಗಳ ಮಾಲೀಕರು. ಐದು ಕೋಟಿ ಲಾಭದ ಗೆರೆ ಅವರನ್ನು ಮುಟ್ಟುವುದಿಲ್ಲ. ಬಿಸಿಲಿನಲ್ಲಿ ಚಪ್ಪಡಿ ಬಿಡಿಸುವ ಕೂಲಿಗಾರನಿಗೆ ಕಾಲೊನಿಯೂ ಇಲ್ಲ, ನೂರಕ್ಕೆ ಎರಡೂ ಇಲ್ಲ. ನೀರು ತುಂಬಿದ ಹಳೆಯ ಗಣಿಗುಂಡಿಗಳು, ರಸ್ತೆ ಬದಿಗೆ ಸುರಿದ ಪಾಲಿಶ್ ರಾಡಿ ಯಾರ ಲೆಕ್ಕಕ್ಕೂ ಸೇರದೆ ಉಳಿಯುತ್ತವೆ. ದೊಡ್ಡ ಕಂಪನಿಗಳ ಕೊಡುಗೆ ಈ ಕೂಲಿಗಾರರ ಮಕ್ಕಳ ಶಾಲೆಯವರೆಗೆ ಹರಿದರೆ ಅದಕ್ಕೆ ನಿಜವಾದ ಅರ್ಥ ಬಂದೀತು.

ಬೇರೆಡೆಯ ನಿದರ್ಶನ

ಉದ್ಯಮದ ಹಣ ಪರಂಪರೆಗೆ ನೆರವಾದ ನಿದರ್ಶನ ಕರ್ನಾಟಕದಲ್ಲೇ ಇದೆ. ಗದಗ ಜಿಲ್ಲೆಯ ಲಕ್ಷ್ಮೇಶ್ವರದ ಸೋಮೇಶ್ವರ ದೇವಾಲಯದ ಜೀರ್ಣೋದ್ಧಾರಕ್ಕೆ ಇನ್ಫೋಸಿಸ್ ಪ್ರತಿಷ್ಠಾನ ಹಣ ಒದಗಿಸಿತು. 2018ರಲ್ಲಿ ಸಿಮೆಂಟ್ ತಯಾರಿಸುವ ದಾಲ್ಮಿಯಾ ಭಾರತ್ ಕಂಪನಿ ದೆಹಲಿಯ ಕೆಂಪುಕೋಟೆಯಲ್ಲಿ ಪ್ರವಾಸಿ ಸೌಕರ್ಯಗಳಿಗಾಗಿ ಐದು ವರ್ಷಗಳಲ್ಲಿ 25 ಕೋಟಿ ರೂಪಾಯಿ ಕೊಡುವ ಒಪ್ಪಂದ ಮಾಡಿಕೊಂಡಾಗ ದೇಶದಾದ್ಯಂತ ಚರ್ಚೆ ನಡೆಯಿತು. ರಾಷ್ಟ್ರದ ಸ್ಮಾರಕಕ್ಕೆ ಕಂಪನಿಯ ಹೆಸರು ಅಂಟಬಹುದೇ ಎಂದು ಕೆಲವರು ಕೇಳಿದರು. ಶೌಚಾಲಯ, ಕುಡಿಯುವ ನೀರು ಬಂದರೆ ತಪ್ಪೇನು ಎಂದು ಇನ್ನು ಕೆಲವರು ಕೇಳಿದರು. ಎರಡೂ ನ್ಯಾಯವಾದ ಪ್ರಶ್ನೆಗಳೇ. ಕನಗನಹಳ್ಳಿಯ ದಾನಿಗಳ ಒಂದು ಸಾಲಿನ ಬರಹ ಎರಡಕ್ಕೂ ಉತ್ತರ ಕೊಡುವಂತಿದೆ: ಕಲ್ಲಿನ ಅಂಚಿನಲ್ಲಿ ಹೆಸರಿರಲಿ, ಕಲ್ಲೇ ಹೆಸರಾಗುವುದು ಬೇಡ.

ಮಳಖೇಡದ ಕೋಟೆಗೂ ಕಾರ್ಖಾನೆಯ ಕುಲುಮೆಗೂ ನಡುವೆ ಕೆಲವೇ ಕಿಲೋಮೀಟರ್ ದೂರ. ‘ಗಣಿತಸಾರಸಂಗ್ರಹ’ದ ಸರಳ ಕನ್ನಡ ಆವೃತ್ತಿಯೊಂದು ಸುತ್ತಲ ಪ್ರತಿ ಪ್ರೌಢಶಾಲೆಗೂ ತಲುಪಿದರೆ, ಈ ತಾಲೂಕುಗಳಲ್ಲಿ ಗಣಿತ-ವಿಜ್ಞಾನ ಓದುವ ಮಕ್ಕಳಿಗೆ ಮಹಾವೀರಾಚಾರ್ಯನ ಹೆಸರಿನ ವಿದ್ಯಾರ್ಥಿವೇತನ ಸ್ಥಾಪನೆಯಾದರೆ, ಸನ್ನತಿಯ ಶಿಲ್ಪಗಳ ಕಥೆ ಹೇಳಬಲ್ಲ ಸ್ಥಳೀಯ ಯುವಕರು ತರಬೇತಿ ಪಡೆದರೆ, ಅದಕ್ಕೆ ತಗಲುವ ಹಣ ಸ್ವಾಗತ ಕಮಾನುಗಳ ಖರ್ಚಿಗಿಂತ ಬಹಳ ಹೆಚ್ಚೇನೂ ಆಗದು. ಅದನ್ನು ವರ್ಷದ ಖರ್ಚಾಗಿ ಕೊಡದೆ ಬಡ್ಡಿಯಿಂದ ನಡೆಯುವ ಶಾಶ್ವತ ನಿಧಿಯಾಗಿ ಇಡುವ ದಾರಿ ಹುಡುಕಿದರೆ ಕುಲುಮೆ ಆರಿದ ಮೇಲೂ ದೀಪ ಆರದು.

ಯಾವ ಕಂಪನಿ ಯಾವ ಕೆಲಸಕ್ಕೆ ಹಣ ಕೊಟ್ಟಿದೆ ಎಂಬುದು ಗುಟ್ಟಲ್ಲ. ಅದನ್ನು ವಾರ್ಷಿಕ ವರದಿಯಲ್ಲಿ ಪ್ರಕಟಿಸಲೇಬೇಕೆಂದು ಕಾಯಿದೆ ಹೇಳುತ್ತದೆ. ಒಂಬತ್ತನೆಯ ತರಗತಿಯ ಮಕ್ಕಳೂ ಓದಿ ಅರ್ಥ ಮಾಡಿಕೊಳ್ಳಬಹುದಾದ ಪಟ್ಟಿ ಅದು. ತಂದೆ ತಾಯಿಗಳು, ಶಾಲಾಭಿವೃದ್ಧಿ ಸಮಿತಿಗಳು, ಗ್ರಾಮಸಭೆಗಳು ಆ ಪಟ್ಟಿಯನ್ನು ಮುಂದಿಟ್ಟುಕೊಂಡು ತಮ್ಮೂರಿಗೆ ಬೇಕಾದ್ದನ್ನು ಬರೆದು ಕೇಳಬೇಕು.

ಹೋಗುವ ಬಗೆ

ಶಹಾಬಾದ ಮತ್ತು ವಾಡಿ ಎರಡೂ ಮುಂಬಯಿ–ರಾಯಚೂರು ಮುಖ್ಯಮಾರ್ಗದ ನಿಲ್ದಾಣಗಳು. ಕಲಬುರಗಿಯಲ್ಲಿ ಇಳಿದುಕೊಂಡರೆ ವಸತಿ, ಊಟದ ಅನುಕೂಲ ಚೆನ್ನಾಗಿದೆ. ಅಲ್ಲಿಂದ ಸೇಡಂ ಕಡೆಯ ಬಸ್ಸುಗಳು ಮಳಖೇಡದಲ್ಲಿ ನಿಲ್ಲುತ್ತವೆ. ಸನ್ನತಿ, ಕನಗನಹಳ್ಳಿಗಳಿಗೆ ಸ್ವಂತ ವಾಹನವಿದ್ದರೆ ಒಳ್ಳೆಯದು. ಶಾಲಾ ಪ್ರವಾಸವಾದರೆ ಒಂದು ದಿನ ಮಳಖೇಡ, ಶಹಾಬಾದಕ್ಕೂ ಇನ್ನೊಂದು ದಿನ ಸನ್ನತಿಗೂ ಇಟ್ಟುಕೊಳ್ಳಬಹುದು. ಬೇಸಿಗೆಯ ಬಿಸಿಲು ಕಠೋರ, ಆದ್ದರಿಂದ ನವೆಂಬರಿನಿಂದ ಫೆಬ್ರುವರಿವರೆಗಿನ ತಿಂಗಳುಗಳು ಸೂಕ್ತ. ಮಕ್ಕಳು ಹಳೆಯ ಗಣಿಗುಂಡಿಗಳ ಅಂಚಿಗೆ ಹೋಗದಂತೆ ನೋಡಿಕೊಳ್ಳಬೇಕು. ಚೀಲದಲ್ಲಿ ಒಂದು ಭೂತಗನ್ನಡಿ ಮತ್ತು ಒಂದು ನಿಂಬೆಹಣ್ಣು ಇರಲಿ. ನಿಂಬೆರಸದ ಪರೀಕ್ಷೆ ದಾರಿಯಲ್ಲಿ ಬಿದ್ದ ಕಲ್ಲಿನ ಚೂರಿನ ಮೇಲೆ ಮಾತ್ರ. ಸ್ಮಾರಕದ ಕಲ್ಲಿನ ಮೇಲೆ ಒಂದು ಹನಿಯೂ ಬೀಳಬಾರದು.